ಸ್ಟ್ಯಾಶ್ ತುಂಬಿಹೋಯಿತೆಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ, ಸೈಬರ್‌ಪಂಕ್ 2077 ವಿಡಿಯೋ ಗೇಮಿನ ಸ್ಕ್ರೀನ್‌ಶಾಟ್ ನೋಡಿದೆ. ಹೊರೆ ಮಿತಿ ದಾಟಿ ಅಂಕಿ ಕೆಂಪಾಗಿದೆ. ಆಟದಲ್ಲಿ ನೀನು ಆಡಿಸುವ ವೀ ಓಡಲಾಗದೆ ಅಲ್ಲಿನ ನಗರ ನೈಟ್ ಸಿಟಿಯ ರಸ್ತೆಯಲ್ಲಿ ಕಾಲೆಳೆಯುತ್ತಿದ್ದಾಳೆ. ಸ್ಟ್ಯಾಶ್, ಅಂದರೆ ಸಾಮಾನು ಇಡುವ ಉಗ್ರಾಣ, ತೆರೆದರೆ ಬಂದೂಕಿನ ಕೆಳಗೆ ಬಂದೂಕು, ಅದರ ಕೆಳಗೆ ಜಾಕೆಟ್ಟು, ಅದರ ಕೆಳಗೆ ಮತ್ತೆ ಬಂದೂಕು. "ಯಾವುದನ್ನ ಇಟ್ಕೊಳ್ಲಿ, ಯಾವುದನ್ನ ಬಿಡ್ಲಿ, ಹೇಳು ಮಾರಾಯ" ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಇದಲ್ಲ ಅನ್ನಿಸಿತು. ಸೈಬರ್‌ಪಂಕ್ 2077 ಈಗಷ್ಟೇ ಶುರುಮಾಡಿ ಇದೇ ಜಾಗದಲ್ಲಿ ಸಿಕ್ಕಿಕೊಂಡವರು ಬೇರೆಯವರೂ ಇರುತ್ತಾರೆ. ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಶಿರಸಿ ಕಡೆ ಮಳೆ ಬಿಟ್ಟೇ ಇಲ್ಲ. ಕೊಳೆಮದ್ದು ಹೊಡೆಯುವವರು ಹೊಳವಾಗುವುದನ್ನೇ ಕಾಯುತ್ತಿದ್ದಾರೆ. ಕಾರವಾರದಲ್ಲೂ ಕೋಡಿಬಾಗದ ನಿನ್ನ ಕಿಟಕಿಯಾಚೆ ಕಾಳಿ ನದಿ ಕೆಂಪಗೆ ಹರಿಯುತ್ತಿರಬೇಕು. ದೇವಿಮನೆ ಘಾಟ್ ಇಳಿದು ಬಂದು ಪಕ್ಕದಲ್ಲಿ ಕೂತು ತೋರಿಸಿಬಿಡಬಹುದಿತ್ತು, ಆದರೆ ಈ ಮಳೆಯಲ್ಲಿ ಆ ದಾರಿ ಬೇಡ. ಓದಿಕೊಂಡು ಮಾಡು.

ಮೊದಲು ಆಟದೊಳಗೆ ನಿನ್ನ ಮನೆ ಎಂಥದ್ದು ಅಂತ ತಿಳಿದುಕೋ. ವಾಟ್ಸನ್‌ನ ಲಿಟಲ್ ಚೈನಾದಲ್ಲಿ ಮೆಗಾಬಿಲ್ಡಿಂಗ್ ಎಚ್10, ಅದರೊಳಗೆ ಒಂದು ಸಣ್ಣ ಫ್ಲ್ಯಾಟು. ಹಾಸಿಗೆ, ಶವರ್, ಕಂಪ್ಯೂಟರು, ಪಕ್ಕದಲ್ಲಿ ಒಂದು ಚಿಕ್ಕ ಉಗ್ರಾಣದ ಕೋಣೆ. ಆ ಕೋಣೆಯೇ ಸ್ಟ್ಯಾಶ್. ನೀನು ಕಾರಿನ ಡಿಕ್ಕಿಯನ್ನು ಬೇರೆ ಉಗ್ರಾಣ ಅಂದುಕೊಂಡಿದ್ದೀಯ. ಅಲ್ಲ, ಎರಡೂ ಒಂದೇ. ನಗರದ ಇನ್ನೊಂದು ತುದಿಯಲ್ಲಿ ಡಿಕ್ಕಿಗೆ ಹಾಕಿದ ಬಂದೂಕು ಮನೆಯ ಕೋಣೆಯಲ್ಲಿ ಸಿಗುತ್ತದೆ, ಮನೆಯಲ್ಲಿಟ್ಟದ್ದು ಡಿಕ್ಕಿಯಲ್ಲಿ ಸಿಗುತ್ತದೆ. ಮುಂದೆ ನಾರ್ತ್‌ಸೈಡ್, ಜಪಾನ್‌ಟೌನ್, ದ ಗ್ಲೆನ್, ಕಾರ್ಪೋ ಪ್ಲಾಜಾದಲ್ಲಿ ಬೇರೆ ಮನೆಗಳನ್ನು ಕೊಂಡರೂ ಅಷ್ಟೆ, ಅಲ್ಲಿರುವುದೂ ಇದೇ ಸ್ಟ್ಯಾಶ್. ಆ ಮನೆಗಳು 2022ರ ಫೆಬ್ರವರಿಯ 1.5 ಅಪ್‌ಡೇಟ್‌ನಲ್ಲಿ ಬಂದವು. ಆದ್ದರಿಂದ "ಸಾಮಾನು ಇಡಲು ಜಾಗ ಸಾಲದು, ದೊಡ್ಡ ಮನೆ ತಗೊಳ್ತೇನೆ" ಅಂತ ದುಡ್ಡು ಕೂಡಿಡಬೇಡ. ಕಿಟಕಿಯ ನೋಟ ಇಷ್ಟವಾಗಿ ಕೊಂಡರೆ ಬೇಡ ಅನ್ನುವುದಿಲ್ಲ. ಜಪಾನ್‌ಟೌನಿನ ಮನೆ ನನಗೂ ಇಷ್ಟ.

ಜಾಗ ಸಾಲದ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ ನೋಡು. ಮೈಮೇಲೆ ಹೊರುವುದಕ್ಕೆ ಮಿತಿ ಇದೆ, ಸ್ಟ್ಯಾಶಿಗೆ ಇಲ್ಲ. ನಿನಗೆ ಅದು ಅನುಕೂಲ ಅನ್ನಿಸಿದೆ. ನನಗೆ ಅದೇ ತೊಂದರೆಯ ಮೂಲ ಅನ್ನಿಸುತ್ತದೆ. ತಳವೇ ಇಲ್ಲದ ಉಗ್ರಾಣ ಯಾವತ್ತೂ "ಸಾಕು" ಅನ್ನುವುದಿಲ್ಲ, ಆ ಮಾತನ್ನು ನಾವೇ ಹೇಳಬೇಕು. ಆಟ 2020ರ ಡಿಸೆಂಬರ್ 10ಕ್ಕೆ ಬಿಡುಗಡೆಯಾದಾಗ ಏನಾಯಿತು ಗೊತ್ತಾ? ಪಿಸಿಯಲ್ಲಿ ಸೇವ್ ಫೈಲು 8 ಎಂಬಿ ದಾಟಿದರೆ ಕೆಟ್ಟುಹೋಗುತ್ತಿತ್ತು. ಸಾಮಾನು ರಾಶಿ ಹಾಕಿದವರ, ಬಿಡಿಭಾಗ ಸೇರಿಸಿ ನೂರಾರು ವಸ್ತು ಕ್ರಾಫ್ಟ್ ಮಾಡಿದವರ ಫೈಲು ಬೇಗ ದಪ್ಪವಾಗುತ್ತಿತ್ತು. ಸಾಮಾನು ಕಡಿಮೆ ಇಟ್ಟುಕೊಳ್ಳಿ ಅಂತ ಆಗ ಆಟ ತಯಾರಿಸಿದ ಸಿಡಿ ಪ್ರಾಜೆಕ್ಟ್ ರೆಡ್‌ನವರೇ ಆಟಗಾರರಿಗೆ ಹೇಳಬೇಕಾಯಿತು. ಅದೇ ತಿಂಗಳು 1.06 ಹಾಟ್‌ಫಿಕ್ಸ್ ಬಂದು ಆ ಮಿತಿ ಹೋಯಿತು. ಈಗ ಎಷ್ಟು ತುಂಬಿದರೂ ಫೈಲಿಗೆ ಆ ಭಯ ಇಲ್ಲ. ಆದರೆ ಬೇಕಾದ ಒಂದು ಕಟಾನಾ ಕತ್ತಿ ಹುಡುಕಲು ಉದ್ದಕ್ಕೆ ಪಟ್ಟಿ ಸರಿಸುತ್ತಾ ಕೂರುವ ಕಷ್ಟ ಹಾಗೇ ಉಳಿದಿದೆ. ತೂಕದ ಪ್ರಕಾರ, ಬೆಲೆಯ ಪ್ರಕಾರ ಜೋಡಿಸಿ ತೋರಿಸುತ್ತದೆ ನಿಜ. ಆದರೆ ಬೇರೆ ಬೇರೆ ಪೆಟ್ಟಿಗೆ ಮಾಡಿ ಹೆಸರು ಬರೆದಿಡಲು ಬರುವುದಿಲ್ಲ. ಇಡೀ ಉಗ್ರಾಣ ಒಂದೇ ರಾಶಿ.

ನೀನು ಹುಟ್ಟಿ ಬೆಳೆದದ್ದೂ ಅಡಿಕೆ ಮನೆಯಲ್ಲೇ ಆದ್ದರಿಂದ ಇದನ್ನು ಹೀಗೆ ಹೇಳುತ್ತೇನೆ. ಒಣಗಿದ ಗೋಟಡಿಕೆ ಸುಲಿದ ಮೇಲೆ ಆರಿಸುವವರ ಕೈ ನೆನಪು ಮಾಡಿಕೋ. ಮುಂದೆ ಒಂದು ಗುಡ್ಡೆ ಅಡಿಕೆ, ಅಕ್ಕಪಕ್ಕ ಚಾಲಿಗೆ, ಬಿಳೆಗೋಟಿಗೆ, ಕೋಕಾಕ್ಕೆ ಒಂದೊಂದು ಬುಟ್ಟಿ. ಆ ಕೈ ಒಂದೊಂದು ಅಡಿಕೆಯ ಮುಂದೂ ನಿಂತು ಇದು ಒಳ್ಳೆಯದಾ ಕೆಟ್ಟದ್ದಾ ಅಂತ ಯೋಚಿಸುವುದಿಲ್ಲ. ಇದು ಎಲ್ಲಿಗೆ ಹೋಗುವ ಅಡಿಕೆ ಅನ್ನುವುದಷ್ಟೇ ಅದಕ್ಕೆ ಬೇಕು. ಕೋಕಾ ಬುಟ್ಟಿಗೆ ಬಿದ್ದದ್ದನ್ನೂ ಯಾರೂ ಚೆಲ್ಲುವುದಿಲ್ಲ, ಅದಕ್ಕೂ ಪೇಟೆಯಲ್ಲಿ ಅದರದ್ದೇ ಧಾರಣೆ ಇದೆ. ಆದರೆ ಚಾಲಿಯ ಚೀಲದಲ್ಲಿ ಅದಕ್ಕೆ ಜಾಗ ಇಲ್ಲ.

ಸ್ಟ್ಯಾಶ್ ಮುಂದೆ ನಿಂತಾಗಲೂ ಇದೇ ಪ್ರಶ್ನೆ ಕೇಳು. ಇದು ಎಷ್ಟು ಒಳ್ಳೆಯ ಬಂದೂಕು ಅಂತ ಕೇಳಿದರೆ ಎಲ್ಲವೂ ಒಳ್ಳೆಯದಾಗಿಯೇ ಕಾಣುತ್ತದೆ. ಇದು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೇಳು. ಉತ್ತರ ಇಲ್ಲದ್ದು ಮನೆಯಲ್ಲಿ ಇರಬೇಕಾಗಿಲ್ಲ.

ನಿನ್ನ ರಾಶಿಯಲ್ಲಿ ಮುಕ್ಕಾಲು ಪಾಲು ಸಾಮಾನ್ಯ ಬಂದೂಕುಗಳು. ಅವುಗಳಿಗೆ ಮುಂದೆ ಹೋಗುವ ಊರೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಅಪ್‌ಗ್ರೇಡ್ ಮಾಡಲು ಆಗುವುದು ಐಕಾನಿಕ್ ಅನ್ನುವ ವಿಶೇಷ ಆಯುಧಗಳನ್ನು ಮಾತ್ರ. ಮಿಕ್ಕವು ಸಿಕ್ಕಿದ ದರ್ಜೆಯಲ್ಲೇ, ಅಂದರೆ ಟಿಯರ್‌ನಲ್ಲೇ ಉಳಿಯುತ್ತವೆ. ನಿನ್ನ ಲೆವೆಲ್ ಏರಿದ ಹಾಗೆ ರಸ್ತೆಯಲ್ಲಿ ಬಿದ್ದು ಸಿಗುವ ಬಂದೂಕೂ ಮೇಲಿನ ಟಿಯರ್‌ನದ್ದಾಗುತ್ತದೆ. ಇವತ್ತು ಜತನದಿಂದ ಎತ್ತಿಟ್ಟ ಹಸಿರು ಬಣ್ಣದ, ಅಂದರೆ ಕೆಳ ದರ್ಜೆಯ ರೈಫಲ್ಲನ್ನು ಸ್ವಲ್ಪ ದಿನ ಬಿಟ್ಟು ತೆಗೆದರೆ, ಎದುರಿಗೆ ಸತ್ತುಬಿದ್ದವನ ಕೈಯಲ್ಲಿ ಅದಕ್ಕಿಂತ ಒಳ್ಳೆಯದು ಇರುತ್ತದೆ. ಮುಂದೆಂದಾದರೂ ಬೇಕಾದೀತು ಅಂತ ಸಾಮಾನ್ಯ ಬಂದೂಕನ್ನು ಎತ್ತಿಡಬೇಡ. ಆ ಮುಂದೆ ಅನ್ನುವುದು ಈ ಆಟದಲ್ಲಿ ಅದಕ್ಕೆ ಬರುವುದಿಲ್ಲ.

ಅವುಗಳಿಗೆ ಇರುವ ದಾರಿ ಎರಡು, ಮಾರುವುದು ಅಥವಾ ಒಡೆದು ಬಿಡಿಭಾಗ ಮಾಡುವುದು. ಎರಡರಲ್ಲಿ ಯಾವುದು ಅನ್ನುವುದಕ್ಕೆ ಸ್ವಲ್ಪ ಯೋಚನೆ ಬೇಕು. ಡಿಸ್‌ಅಸೆಂಬಲ್ ಮಾಡಿದರೆ ಸಿಗುವ ಕ್ರಾಫ್ಟಿಂಗ್ ಬಿಡಿಭಾಗಗಳಿಗೆ ತೂಕವೇ ಇಲ್ಲ, ಎಷ್ಟಾದರೂ ಹೊತ್ತುಕೊಂಡು ತಿರುಗಬಹುದು. ದೊಡ್ಡ ಮೆಷಿನ್‌ಗನ್ನು ಹೊತ್ತು ಬೆನ್ನು ಬಗ್ಗಿದಾಗ ರಸ್ತೆಯಲ್ಲಿ ನಿಂತಲ್ಲೇ ಒಡೆದುಬಿಟ್ಟರೆ ಆ ಕ್ಷಣಕ್ಕೆ ಮೈ ಹಗುರ. ಐಕಾನಿಕ್ ಆಯುಧಗಳನ್ನು ಮೇಲಿನ ಟಿಯರ್‌ಗೆ ಏರಿಸಲು ಬೇಕಾಗುವುದು ಈ ಬಿಡಿಭಾಗಗಳೇ. ರಿಪ್ಪರ್‌ಡಾಕ್ ಅನ್ನುವ ವೈದ್ಯನ ಹತ್ತಿರ ಸೈಬರ್‌ವೇರ್ (ದೇಹದೊಳಗಿನ ಯಂತ್ರಭಾಗ) ಅಪ್‌ಗ್ರೇಡ್ ಮಾಡಿಸುವಾಗಲೂ ಅವು ಬೇಕು. ಹಾಗಾಗಿ ಮೇಲಿನ ದರ್ಜೆಯ ನೀಲಿ, ನೇರಳೆ, ಕಿತ್ತಳೆ ಬಣ್ಣದ್ದು ಸಿಕ್ಕಿದರೆ ನಾನು ಒಡೆಯುತ್ತೇನೆ. ಬಿಳಿ, ಹಸಿರಿನದ್ದನ್ನು ಕೈಯಲ್ಲಿ ಎಡ್ಡಿ (ಅಲ್ಲಿನ ದುಡ್ಡು) ಇಲ್ಲದಾಗ ಮಾರುತ್ತೇನೆ. ಮಾರಲು ಬಂದೂಕಿನ ಅಂಗಡಿಯನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೀದಿಬೀದಿಯಲ್ಲಿರುವ ಡ್ರಾಪ್ ಪಾಯಿಂಟ್ ಅನ್ನುವ ಯಂತ್ರ ಕೂಡ ಕೊಳ್ಳುತ್ತದೆ. ಜಂಕ್ ಅಂತ ಗುರುತಿಟ್ಟ ಚಿಲ್ಲರೆ ಸಾಮಾನನ್ನು ಸ್ಟ್ಯಾಶಿಗೆ ಹಾಕಲೇಬೇಡ. ಅಂಗಡಿಯಲ್ಲಿ ಅದಷ್ಟನ್ನೂ ಒಂದೇ ಸಲಕ್ಕೆ ಮಾರುವ ಬಟನ್ ಇದೆ.

ಬಟ್ಟೆಯ ಚಿಂತೆ ಬಿಡು. ನೀನು ಆ ಜಾಕೆಟ್ಟುಗಳನ್ನೆಲ್ಲ ಇಟ್ಟುಕೊಂಡಿರುವುದು ನೋಡಲು ಚಂದ ಅಂತ, ಅಲ್ಲವಾ? 1.6 ಅಪ್‌ಡೇಟಿನಿಂದ ಮನೆಯಲ್ಲಿ ವಾರ್ಡ್‌ರೋಬ್ ಇದೆ. ಒಮ್ಮೆ ಕೈಗೆ ಬಂದ ಬಟ್ಟೆಯ ರೂಪ ಅದರಲ್ಲಿ ಉಳಿದುಕೊಳ್ಳುತ್ತದೆ. ಬಟ್ಟೆಯನ್ನು ಮಾರಿದರೂ, ಹರಿದು ಬಿಡಿಭಾಗ ಮಾಡಿದರೂ ಆ ರೂಪ ಹೋಗುವುದಿಲ್ಲ. ಅದರಲ್ಲೇ ಆರು ಜೊತೆ ಉಡುಪು ಜೋಡಿಸಿಡಬಹುದು. ಹಾಗಾದ ಮೇಲೆ ಸ್ಟ್ಯಾಶಿನಲ್ಲಿ ಜಾಕೆಟ್ಟಿಗೆ ಏನು ಕೆಲಸ?

ಗಾಯ ವಾಸಿಮಾಡುವ ಇನ್ಹೇಲರು, ಗ್ರೆನೇಡು ಕೂಡಿಡುವ ಅಭ್ಯಾಸವೂ 2.0ರ ಜೊತೆಗೇ ಹೋಯಿತು. ಅವು ಬಳಸಿದ ಮೇಲೆ ತಾವಾಗಿ ಮತ್ತೆ ತುಂಬಿಕೊಳ್ಳುತ್ತವೆ. ಊಟ, ನೀರಿನ ಡಬ್ಬಿಗಳನ್ನು ಕಂಡಕಂಡಲ್ಲಿ ಎತ್ತಬೇಡ. ಒಂದನ್ನು ಮಾತ್ರ ಬಿಡಬೇಡ, ಬೆಕ್ಕಿನ ಆಹಾರದ ಡಬ್ಬಿ. ಎಚ್10ರ ಓಣಿಯಲ್ಲಿ ಕಸದ ಪಕ್ಕ ಕೂದಲೇ ಇಲ್ಲದ ಒಂದು ಬೆಕ್ಕು ಓಡಾಡುತ್ತದೆ. ಆ ಡಬ್ಬಿ ತಿನ್ನಿಸಿದರೆ ನಿನ್ನ ಮನೆಗೇ ಬಂದು ಇರುತ್ತದೆ. ನಿಬಲ್ಸ್ ಅಂತ ಹೆಸರು. ಇಡೀ ನಗರದಲ್ಲಿ ಯಾವ ಲಾಭವೂ ಇಲ್ಲದೆ ಮಾಡುವ ಕೆಲಸ ಇದೊಂದೇ ಇರಬೇಕು. ಖಂಡಿತ ಮಾಡು.

ಈಗ ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ಸ್ಟ್ಯಾಶ್ ಕೋಣೆಯ ಬಾಗಿಲು ತೆರೆದು ಒಳಗೆ ನಿಂತು ಗೋಡೆ ನೋಡಿದ್ದೀಯಾ? ಪಟ್ಟಿ ತೆರೆಯುವ ಆತುರದಲ್ಲಿ ಎಷ್ಟೋ ಜನ ಆ ಗೋಡೆ ನೋಡುವುದೇ ಇಲ್ಲ. ಡಿಕ್ಕಿಯಿಂದಲೇ ಎಲ್ಲ ಕೆಲಸ ಮುಗಿಸುವವರಿಗಂತೂ ಅದು ಇದೆ ಅಂತಲೂ ಗೊತ್ತಿರುವುದಿಲ್ಲ. ಐಕಾನಿಕ್ ಆಯುಧಗಳಲ್ಲಿ ಎಷ್ಟೋ ಆಯುಧಗಳನ್ನು ಸ್ಟ್ಯಾಶಿಗೆ ಹಾಕಿದ ಕೂಡಲೇ ಆ ಗೋಡೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ಒಂದೊಂದಕ್ಕೂ ಅದರದ್ದೇ ಜಾಗ. ಅಲ್ಲಿ ಬರುವ ಎಷ್ಟೋ ಆಯುಧಗಳ ಹಿಂದೆ ಒಬ್ಬೊಬ್ಬರಿದ್ದಾರೆ. ಅದೇ ಕಟ್ಟಡದಲ್ಲಿ ಬಂದೂಕಿನ ಅಂಗಡಿ ಇಟ್ಟಿರುವ ವಿಲ್ಸನ್‌ನ ಗುರಿ ಸ್ಪರ್ಧೆಯಲ್ಲಿ ಗೆದ್ದರೆ ಅವನು 'ಡೈಯಿಂಗ್ ನೈಟ್' ಪಿಸ್ತೂಲು ಕೊಡುತ್ತಾನೆ.  ಅದನ್ನು ಬಳಸುತ್ತೀಯೋ ಇಲ್ಲವೋ ಬೇರೆ ಮಾತು, ನೆರೆಯವನು ಕೊಟ್ಟದ್ದನ್ನು ಮಾರಬೇಡ. ಮುಂದೆ ಇನ್ನೊಂದು ಬಂಗಾರದ ಬಣ್ಣದ ಪಿಸ್ತೂಲು ನಿನ್ನ ಪಾಲಿಗೆ ಬರುತ್ತದೆ. ಯಾರದ್ದು, ಯಾಕೆ ಅಂತ ಈಗ ಹೇಳಲಾರೆ. ಬಂದ ದಿನ ನಿನಗೇ ತಿಳಿಯುತ್ತದೆ. ಅಂಗಡಿಯವನು ಅದಕ್ಕೆ ಎಷ್ಟು ಬೆಲೆ ತೋರಿಸಿದರೂ ಕೊಡಬೇಡ.

ಉಗ್ರಾಣದಲ್ಲಿ ಏನಿರಬೇಕು ಅಂತ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು. ಕೈಯಲ್ಲಿ ಹಿಡಿಯಲು ಮೂರು ಆಯುಧದ ಜಾಗ ಇದೆ, ಆ ಮೂರು ಮೈಮೇಲೆ ಇರಲಿ. ಗೋಡೆಗೆ ಬರುವವು ಮತ್ತು ಮುಂದೆ ಅಪ್‌ಗ್ರೇಡ್ ಮಾಡಬೇಕೆಂದು ನಿಶ್ಚಯಿಸಿದವು ಸ್ಟ್ಯಾಶಿಗೆ ಹೋಗಲಿ. ಮಿಕ್ಕದ್ದೆಲ್ಲ ಹೊರಗೆ. ಒಂದು ಸಂಗತಿ ಮಾತ್ರ ಗಮನದಲ್ಲಿರಲಿ. ಸ್ಟ್ಯಾಶಿನಲ್ಲಿರುವ ಆಯುಧವನ್ನು ಅಲ್ಲಿಂದಲೇ ಅಪ್‌ಗ್ರೇಡ್ ಮಾಡಲು ಆಗುವುದಿಲ್ಲ, ಮೊದಲು ಕೈಗೆ ತೆಗೆದುಕೊಳ್ಳಬೇಕು. ಹೀಗೆ ಮಾಡಿದರೆ ಪಟ್ಟಿ ಒಂದೇ ನೋಟಕ್ಕೆ ಮುಗಿಯುವಷ್ಟು ಚಿಕ್ಕದಾಗುತ್ತದೆ. ಆಗ ನಿನ್ನ ವೀ ಮನೆಗೆ ಬಂದು ಬಾಗಿಲು ತೆರೆದರೆ ಎದುರಿಗೆ ಕಾಣುವುದು ಅವಳು ಭೇಟಿಯಾದ ಜನ. ಗುಜರಿ ಅಂಗಡಿ ಕಾಣುವುದಿಲ್ಲ. ಈ ಆಟ ಮಾಡಿದವರು ಆ ಗೋಡೆಯನ್ನು ಅಷ್ಟು ಪ್ರೀತಿಯಿಂದ ಮಾಡಿದ್ದಾರೆ. ನೀನು ಅದನ್ನು ನೋಡದೇ ಆಟ ಮುಗಿಸಿದರೆ ನನಗೆ ನಿಜವಾಗಿಯೂ ಬೇಸರ.

ಕೊನೆಗೆ ಒಂದು ಅವಸರದ ವಿಷಯ. ಕೊಂಪೆಕಿ ಪ್ಲಾಜಾ ಹೋಟೆಲಿನ ಕೆಲಸಕ್ಕೆ ಇನ್ನೂ ಹೋಗಿಲ್ಲ ಅಂದೆ. ಹೊರಡುವ ಮೊದಲು ಹೊರೆ ಪೂರ್ತಿ ಇಳಿಸಿ, ಒಂದು ಸೇವ್ ಬೇರೆ ಮಾಡಿಟ್ಟುಕೋ. ಅಲ್ಲಿ ತಂಗಿರುವ ಯೊರಿನೊಬುವಿನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಕೊಂಗೋ ಅನ್ನುವ ಪಿಸ್ತೂಲಿದೆ. ಮೇಲೆ ಹಾರುವ ವಾಹನ ಇಳಿದಿರುವ ಕಡೆ ಸಟೋರಿ ಅನ್ನುವ ಕಟಾನಾ ಇದೆ. ಗಲಾಟೆ ಶುರುವಾದ ಮೇಲೆ ಎಲ್ಲರೂ ಕಿಟಕಿಯ ಕಡೆ ಓಡುವ ಆತುರದಲ್ಲಿರುತ್ತಾರೆ. ನೀನು ಮೊದಲು ಆ ಎರಡನ್ನು ಎತ್ತಿಕೊಂಡು ಆಮೇಲೆ ಹೊರಡು. ಆ ಕೋಣೆಗೆ ವಾಪಸು ಹೋಗಲು ಮತ್ತೆ ಬಿಡುವುದಿಲ್ಲ.

ಎರಡೂ ಸಿಕ್ಕಿದರೆ ಫೋನ್ ಮಾಡು. ಇಲ್ಲಿ ಕರೆಂಟ್ ಇದ್ದರೆ ಅವತ್ತೇ ರಾತ್ರಿ ಸ್ಕ್ರೀನ್ ಶೇರ್ ಮಾಡಿ, ಮಿಕ್ಕ ರಾಶಿಯನ್ನು ಇಬ್ಬರೂ ಸೇರಿ ಆರಿಸಿ ಮುಗಿಸೋಣ.

ನಿನ್ನ,
ಶಿರಸಿಯ ಗೆಳೆಯ