ಕನಕಪುರ ಲೋಕಸಭಾ ಕ್ಷೇತ್ರದ ಲೆಕ್ಕ ಮುಗಿಯಿತು, ಮೇಷ್ಟ್ರಿಗೆ ನಮಸ್ಕಾರ

ನಾವೆಲ್ಲ ಸೇರಿ ಒಟ್ಟುಗೂಡಿಸುತ್ತಿದ್ದ ಕನಕಪುರ ಲೋಕಸಭಾ ಕ್ಷೇತ್ರದ ಚುನಾವಣಾ ದಾಖಲೆ ಕೊನೆಗೂ ಪೂರ್ತಿಯಾಗಿದೆ. 1967ರಿಂದ 2004ರವರೆಗೆ 11 ಸಾರ್ವತ್ರಿಕ ಚುನಾವಣೆ, ಒಂದು ಉಪಚುನಾವಣೆ. 2008ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರದ ಹೆಸರೇ ಇಲ್ಲವಾಯಿತು. ನಡುವೆ ಈ ಕೆಲಸ ಯಾಕೆ ನಿಂತಿತ್ತು ಎಂಬುದು ಜೊತೆಗಿದ್ದವರಿಗೆಲ್ಲ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ.

ಮೊದಲ ನಮಸ್ಕಾರ ಮೇಷ್ಟ್ರಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾತನೂರು ಕಡೆಯವರು, ಸರ್ವಿಸ್ ಪೂರ್ತಿ ಎಲೆಕ್ಷನ್ ಡ್ಯೂಟಿ ಮಾಡಿದವರು. 2004ರ ಲೆಕ್ಕ ಕೂಡಿ ಬರದ ಆ ರಾತ್ರಿ ಬೆಳಗಾಗುವವರೆಗೂ ಕೂತಿದ್ದವರು ಅವರೊಬ್ಬರೇ. ವಿಧಾನಸಭಾ ಕ್ಷೇತ್ರವಾರು ಮತಗಳನ್ನು ಕೂಡಿದರೆ ಘೋಷಿತ ಮೊತ್ತಕ್ಕಿಂತ ಕಡಿಮೆ ಬರುತ್ತಿತ್ತು, ಅದೂ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ವ್ಯತ್ಯಾಸ. ಹಾಳೆಯೇ ತಪ್ಪಿರಬೇಕು ಎಂದು ಉಳಿದವರು ಎದ್ದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಅಂಚೆ ಮತ ಎಲ್ಲಿ ಸೇರಿಸಿದ್ದೀರಪ್ಪಾ?"

ಲೋಕಸಭಾ ಚುನಾವಣೆಯಲ್ಲಿ ಯಂತ್ರದ ಮತಗಳ ಎಣಿಕೆ ವಿಧಾನಸಭಾ ಕ್ಷೇತ್ರವಾರು ನಡೆಯುತ್ತದೆ. ಅಂಚೆ ಮತಗಳ ಎಣಿಕೆ ನಡೆಯುವುದು ಚುನಾವಣಾಧಿಕಾರಿಯ ಮೇಜಿನ ಮೇಲೆ. ಅವು ಯಾವ ವಿಧಾನಸಭಾ ಕ್ಷೇತ್ರದ ಲೆಕ್ಕಕ್ಕೂ ಹೋಗದೆ ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ರ ಕೊನೆಯಲ್ಲಿ, ಒಟ್ಟು ಮೊತ್ತದ ಜೊತೆ ಮಾತ್ರ ಸೇರುತ್ತವೆ. ಆ ಸಾಲನ್ನು ಬಿಟ್ಟರೆ ಯಾವ ಲೋಕಸಭಾ ಕ್ಷೇತ್ರದ ಲೆಕ್ಕವೂ ಸರಿಹೋಗುವುದಿಲ್ಲ. ಕಾರಣ ಹೇಳಿ ಮೇಷ್ಟ್ರು ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟು, ಒಂದೊಂದೇ ಅಂಕಿ ಬಿಡಿಸಿ ಗಟ್ಟಿಯಾಗಿ ಓದಿದರು. ಇತ್ತ ಟಿಕ್ ಬಿದ್ದ ಮೇಲೆಯೇ ಸ್ಕೇಲ್ ಕೆಳಗಿನ ಸಾಲಿಗೆ ಇಳಿಯುತ್ತಿತ್ತು.

ಆ ವಾರ ಅವರ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. ಆ ವಿಷಯ ಅವರ ಬಾಯಿಂದ ಬರಲೇ ಇಲ್ಲ. ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ, ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಪಕ್ಷದ ಹೆಸರಿನ ಪಕ್ಕ ಚಿಹ್ನೆಯನ್ನೂ ಬರೆಯಲೇಬೇಕು ಎಂದು ಹಟ ಹಿಡಿದವರೂ ಅವರೇ. 1967ರಲ್ಲಿ ಎಂ.ವಿ. ರಾಜಶೇಖರನ್ ಗೆದ್ದ ಕಾಂಗ್ರೆಸ್ಸಿನದು ಜೋಡೆತ್ತು. 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಗೆದ್ದಿದ್ದು ಪಕ್ಷ ಒಡೆದ ಮೇಲೆ, ಹಸು-ಕರುವಿನ ಗುರುತಿನಲ್ಲಿ. 1980ಕ್ಕೆ ಹಸ್ತ ಬಂತು. ಮೂರನ್ನೂ ಬರೀ 'ಕಾಂಗ್ರೆಸ್' ಎಂದು ಬರೆದರೆ ನಡುವಿನ ಒಡಕೆಲ್ಲ ಮುಚ್ಚಿಹೋಗುತ್ತದೆ.

ಉಪಚುನಾವಣೆಯ ಕಡತ ಹುಡುಕಿಕೊಟ್ಟ ಗ್ರಂಥಾಲಯದ ಅಕ್ಕ, ನಕ್ಷೆ ಬರೆದ ಹುಡುಗರು, ಟೈಪ್ ಮಾಡಿದವರು, ಸ್ಕ್ಯಾನಿಗೆ ದುಡ್ಡು ಹಾಕಿದವರು, ಎಲ್ಲರಿಗೂ ಮನಸಾರೆ ಧನ್ಯವಾದ. ಆ ಕಡತ ಸಿಗದಿದ್ದರೆ ದೊಡ್ಡ ಕೊರತೆಯಾಗುತ್ತಿತ್ತು. ಸಾರ್ವತ್ರಿಕ ಚುನಾವಣೆಯ ವರದಿಗಳಲ್ಲಿ ಉಪಚುನಾವಣೆ ಇರುವುದಿಲ್ಲ. ಅವನ್ನಷ್ಟೇ ನೋಡಿದವರಿಗೆ 1999ರಲ್ಲಿ ಎಂ.ವಿ. ಚಂದ್ರಶೇಖರಮೂರ್ತಿ, 2004ರಲ್ಲಿ ತೇಜಸ್ವಿನಿ ಕಾಣುತ್ತಾರೆ. ಮೂರ್ತಿಯವರ ನಿಧನದ ನಂತರ 2002ರಲ್ಲಿ ಡಿ.ಕೆ. ಶಿವಕುಮಾರ್ ವಿರುದ್ಧ ಎಚ್.ಡಿ. ದೇವೇಗೌಡರು ಗೆದ್ದಿದ್ದು ಕಾಣುವುದೇ ಇಲ್ಲ. ಎರಡೇ ವರ್ಷದಲ್ಲಿ ಅದೇ ಕ್ಷೇತ್ರದಲ್ಲಿ ತೇಜಸ್ವಿನಿ ದೇವೇಗೌಡರನ್ನು ಸೋಲಿಸಿದ್ದರ ತೂಕ ಆಗ ತಿಳಿಯುವುದಾದರೂ ಹೇಗೆ?

12 ಫಲಿತಾಂಶಗಳನ್ನು ಒಟ್ಟಿಗೆ ಇಟ್ಟಾಗ ಎದ್ದು ಕಾಣುವುದು 1996ರ ತಿರುವು. 1977ರಿಂದ 1991ರವರೆಗೆ ಐದೂ ಸಲ ಚಂದ್ರಶೇಖರಮೂರ್ತಿಯವರೇ. ಆಮೇಲಿನ ಐದು ಚುನಾವಣೆಗಳಲ್ಲಿ ಐದು ಜನ: 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್, 1999ರಲ್ಲಿ ಮತ್ತೆ ಮೂರ್ತಿ, ಆಮೇಲೆ ದೇವೇಗೌಡರು, ತೇಜಸ್ವಿನಿ.

ಈ ಅಂಕಿಗಳನ್ನು ಬಳಸುವವರಲ್ಲಿ ಒಂದು ವಿನಂತಿ. 2004ರ ಕನಕಪುರದ ಶೇಕಡಾವಾರು ಮತವನ್ನು ಮರುವಿಂಗಡಣೆಯ ನಂತರ ಅದರ ಜಾಗಕ್ಕೆ ಬಂದ ಬೆಂಗಳೂರು ಗ್ರಾಮಾಂತರ ಕ್ಷೇತ್ರದ 2009ರ ಅಂಕಿಯ ಪಕ್ಕದಲ್ಲಿ ಹಾಗೇ ಇಟ್ಟು ಏರಿಕೆ ಇಳಿಕೆ ಹೇಳಬೇಡಿ. ಸಾತನೂರು, ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳು ರದ್ದಾದವು, ತುಮಕೂರು ಜಿಲ್ಲೆಯ ಕುಣಿಗಲ್ ಹೊಸದಾಗಿ ಸೇರಿತು. ಹೋಲಿಸಲೇಬೇಕಿದ್ದರೆ ಮತಗಟ್ಟೆಯ ಮಟ್ಟಕ್ಕೆ ಇಳಿದು, ಎರಡೂ ಕಡೆ ಇರುವ ಊರುಗಳನ್ನಷ್ಟೇ ಆರಿಸಿಕೊಳ್ಳಿ. ಮತಗಟ್ಟೆಯ ಸಂಖ್ಯೆ ಬದಲಾಗಿರುತ್ತದೆ, ಆದ್ದರಿಂದ ಶಾಲೆಯ ಹೆಸರು ಹಿಡಿದು ಹುಡುಕಿ.