ಹತ್ತನೆಯ ತರಗತಿಯ ಪೋಷಕರಿಗೆ: ಮೊಬೈಲ್‌ನಲ್ಲಿ ತಿರುಗುತ್ತಿರುವ ಆ ಬಣ್ಣದ ಸುರುಳಿಯ ಬಗ್ಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಮಕ್ಕಳು ಸಂಜೆ ಮೊಬೈಲ್ ಕೇಳಿ ಪಡೆದು, ಬಣ್ಣಬಣ್ಣದ ಸುರುಳಿಯೊಂದನ್ನು ಬೆರಳಿನಿಂದ ತಿರುಗಿಸುತ್ತಾ ಕೂರುತ್ತಾರೆ ಎಂದು ಮೂವರು ತಾಯಂದಿರು ಬಂದು ಹೇಳಿದರು. ‘ಪರೀಕ್ಷೆ ಹತ್ತಿರ ಬಂತು, ಇದು ಯಾವ ಹೊಸ ಆಟ ಮೇಡಂ?’ ಎಂದು ಒಬ್ಬರು ಬೇಸರಪಟ್ಟುಕೊಂಡರು. ಅದು ಆಟವಲ್ಲ, ನಾವೇ ಕೊಟ್ಟ ಮನೆಗೆಲಸ. ಮೊದಲೇ ತಿಳಿಸದಿದ್ದುದು ನಮ್ಮ ತಪ್ಪು.

ಆ ಸುರುಳಿ ಹಿಮೋಗ್ಲೋಬಿನ್, ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಪ್ರೋಟೀನ್. ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳನ್ನು ಪೋಣಿಸಿದ ನಾಲ್ಕು ಸರಪಳಿಗಳಿಂದ ಅದು ಆಗಿದೆ. ವಿಜ್ಞಾನಿಗಳು ಕಂಡುಹಿಡಿದ ಪ್ರೋಟೀನ್ ರಚನೆಗಳನ್ನೆಲ್ಲ ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬ ಭಂಡಾರ 1971ರಿಂದ ಕೂಡಿಡುತ್ತಿದೆ. ಆರಂಭದಲ್ಲಿ ಏಳೇ ಇದ್ದವು, ಈಗ ಎರಡು ಲಕ್ಷ ದಾಟಿವೆ. ಅದರ ಜಾಲತಾಣದಲ್ಲಿ 4ಎಚ್‌ಎಚ್‌ಬಿ ಎಂಬ ಗುರುತನ್ನು ಹುಡುಕಿದರೆ ಹಿಮೋಗ್ಲೋಬಿನ್ ಸಿಗುತ್ತದೆ. ‘ಮೋಲ್‌ಸ್ಟಾರ್’ ತಂತ್ರಾಂಶದಲ್ಲಿ ಅದನ್ನು ಅಲ್ಲೇ ತಿರುಗಿಸಿ ನೋಡಬಹುದು. ಹಣ ಕೊಡಬೇಕಾಗಿಲ್ಲ, ಆ್ಯಪ್ ಕೂಡ ಬೇಡ.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ನಿಮಗೆ ಗೊತ್ತು. ಅದರಲ್ಲಿ ಎಷ್ಟೋ ಕಿಟಕಿಯಾಚೆಯ ಗುಲಾಬಿ ಗಿಡದ ಬುಡ ಸೇರುತ್ತಿದ್ದವು ಎಂಬುದು ನನಗೆ ಗೊತ್ತು. ಮೊನ್ನೆ ವಿಜ್ಞಾನದ ಮೇಷ್ಟ್ರು ತೆರೆಯ ಮೇಲೆ ಸುರುಳಿಗಳನ್ನೆಲ್ಲ ಮರೆಮಾಡಿ, ಒಳಗಿರುವ, ಕಬ್ಬಿಣವನ್ನು ಹಿಡಿದುಕೊಳ್ಳುವ ಪುಟ್ಟ ಭಾಗಗಳಾದ ನಾಲ್ಕು ಹೀಮ್‌ಗಳನ್ನು ಮಾತ್ರ ಉಳಿಸಿದರು. ಪ್ರತಿಯೊಂದರ ನಡುವೆಯೂ ಒಂದೇ ಒಂದು ಕಬ್ಬಿಣದ ಪರಮಾಣು. ‘574 ಅಮೈನೋ ಆಮ್ಲಗಳ ಇಷ್ಟು ದೊಡ್ಡ ಅಣುವಿಗೆ ನಾಲ್ಕೇ ಕಬ್ಬಿಣವೇ ಸಾರ್?’ ಎಂದಳು ಒಬ್ಬಳು. ‘ಆಮ್ಲಜನಕ ಬಂದು ಕೂರುವುದೇ ಅದರ ಮೇಲಮ್ಮ’ ಎಂದರು ಮೇಷ್ಟ್ರು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಅಂದಿನಿಂದ ಎಲ್ಲರೂ ಮಾತ್ರೆ ನುಂಗುತ್ತಿದ್ದಾರೆ ಎಂದು ಹೇಳಲಾರೆ. ಗುಲಾಬಿಗೆ ಅದರ ಪಾಲು ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ.

‘ರಕ್ತ ಕೆಂಪು, ಇದೇಕೆ ಹಸಿರು?’ ಎಂದು ಮಕ್ಕಳು ಮನೆಯಲ್ಲೂ ಕೇಳಿಯಾರು. ಅದು ಪ್ರೋಟೀನಿನ ನಿಜವಾದ ಬಣ್ಣವಲ್ಲ. ನಾಲ್ಕು ಸರಪಳಿಗಳನ್ನು ಬೇರೆಬೇರೆಯಾಗಿ ಗುರುತಿಸಲೆಂದು ತಂತ್ರಾಂಶ ಬಳಿದದ್ದು.

ಮುಂದಿನ ವಾರದ ಪಾಠ ಸಿಕಲ್ ಸೆಲ್ ಕಾಯಿಲೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಎಂಬ ಇನ್ನೊಂದು ಬಂದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ನಮ್ಮ ರಾಜ್ಯದ ಗಿರಿಜನ ಸಮುದಾಯಗಳಲ್ಲೂ ಇದು ಕಂಡುಬರುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆಯಿದ್ದರೆ ದಯವಿಟ್ಟು ನನಗೊಬ್ಬಳಿಗೇ ಮೊದಲೇ ತಿಳಿಸಿ. ಪಾಠದಲ್ಲಿ ಆ ಮಗುವಿನ ಮನಸ್ಸಿಗೆ ನೋವಾಗದಂತೆ ಮಾತನಾಡಲು ನಮಗೆ ಅನುಕೂಲವಾಗುತ್ತದೆ.

ಈ ಕೆಲಸಕ್ಕೆ ದಿನಕ್ಕೆ ಅರ್ಧ ಗಂಟೆ ಮೊಬೈಲ್ ಸಾಕು, ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳಿಗಾಗಿ ಕಂಪ್ಯೂಟರ್ ಕೊಠಡಿಯನ್ನು ಸಂಜೆ ಐದೂವರೆಯವರೆಗೆ ತೆರೆದಿಡುತ್ತೇವೆ. ಶನಿವಾರ ಶಾಲೆ ಬಿಟ್ಟ ಮೇಲೆ ನೀವೂ ಬನ್ನಿ. ತೋರಿಸುವವರು ನಾವಲ್ಲ, ನಿಮ್ಮ ಮಕ್ಕಳೇ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ