ಮೊಬಿ ಡಿಕ್ ಓದುತ್ತಿರುವ ಗೆಳೆಯನಿಗೆ

ಪ್ರೀತಿಯ ರಮೇಶ,

ಹರ್ಮನ್ ಮೆಲ್ವಿಲ್‌ನ ಕಾದಂಬರಿ ‘ಮೊಬಿ ಡಿಕ್’ 32ನೇ ಅಧ್ಯಾಯಕ್ಕೆ ನಿಂತುಹೋಗಿದೆ ಅಂತ ಬರೆದಿದ್ದೀಯ. ತಿಮಿಂಗಿಲಗಳ ಜಾತಿ, ಉಪಜಾತಿ ಹೇಳುವ ಅಧ್ಯಾಯ ಅಲ್ವಾ? ಬೇಜಾರಾಗುವುದು ಸಹಜ. ಆದರೆ ಪುಸ್ತಕ ಬಿಡಬೇಡ. ಅದರ ಹಿಂದಿನ ಕತೆ ಸ್ವಲ್ಪ ಕೇಳು.

ಎಸೆಕ್ಸ್ ಎಂಬ ಹಡಗು ಅಮೆರಿಕದ ನಾಂಟುಕೆಟ್ ದ್ವೀಪದ್ದು. ದೀಪದ ಎಣ್ಣೆಗಾಗಿ ತಿಮಿಂಗಿಲ ಬೇಟೆಗೆ ಹೋಗಿತ್ತು. 1820ರ ನವೆಂಬರ್ 20ರಂದು, ಪೆಸಿಫಿಕ್ ಸಾಗರದ ನಡುವೆ, ಭಾರಿ ತಿಮಿಂಗಿಲವೊಂದು ಬಂದು ಹಡಗಿಗೇ ತಲೆಯಿಂದ ಗುದ್ದಿತು. ತಿರುಗಿ ಬಂದು ಮತ್ತೊಮ್ಮೆ ಗುದ್ದಿತು. ಹಡಗು ಹೋಯಿತು. ಇಪ್ಪತ್ತು ಜನ ಮೂರು ಸಣ್ಣ ದೋಣಿ ಹತ್ತಿದರು. ಪಶ್ಚಿಮದ ದ್ವೀಪಗಳಲ್ಲಿ ನರಭಕ್ಷಕರಿದ್ದಾರೆ ಎಂದು ಹೆದರಿ, ಎಷ್ಟೋ ದೂರದ ದಕ್ಷಿಣ ಅಮೆರಿಕದ ಕಡೆ ಹೊರಟರು. ಕೊನೆಗೆ ಹಸಿವು ತಾಳದೆ, ಸತ್ತ ಸಂಗಾತಿಗಳನ್ನು ತಾವೇ ತಿಂದರು. ಕ್ಯಾಪ್ಟನ್ ಪೊಲಾರ್ಡ್‌ನ ದೋಣಿಯಲ್ಲಿ ಯಾರನ್ನು ಕೊಲ್ಲಬೇಕೆಂದು ಚೀಟಿ ಎತ್ತಿದರು. ಚೀಟಿ ಬಿದ್ದದ್ದು ಅವನ ಸ್ವಂತ ಸಂಬಂಧಿ, ಇನ್ನೂ ಹದಿಹರೆಯದ ಓವೆನ್ ಕಾಫಿನ್‌ಗೆ. ಬದುಕಿ ಬಂದವರು ಎಂಟೇ ಜನ.

ಮೆಲ್ವಿಲ್ 1841ರಲ್ಲಿ ಅಕುಷ್ನೆಟ್ ಎಂಬ ಬೇಟೆ ಹಡಗು ಸೇರಿದ. ಎಸೆಕ್ಸ್‌ನ ಫಸ್ಟ್ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ, ಓವೆನ್ ಚೇಸ್‌ನ ಮಗ ಅವನಿಗೆ ಸಮುದ್ರದಲ್ಲೇ ಸಿಕ್ಕ. ಆ ದುರಂತದ ಬಗ್ಗೆ ಅಪ್ಪ ಬರೆದ ಪುಸ್ತಕವನ್ನು ಓದಲು ಕೊಟ್ಟ. ಸುತ್ತ ಅದೇ ಪೆಸಿಫಿಕ್, ಕೈಯಲ್ಲಿ ಆ ಪುಸ್ತಕ. ಮೆಲ್ವಿಲ್‌ನ ಎದೆ ಹೇಗೆ ಹೊಡೆದುಕೊಂಡಿರಬೇಕು!

ಕಾದಂಬರಿ 1851ರಲ್ಲಿ ಬಂತು. ಲಂಡನ್ ಮುದ್ರಣದಲ್ಲಿ ಕೊನೆಯ ಪುಟವೇ ಬಿಟ್ಟುಹೋಗಿತ್ತು. ಕತೆ ಹೇಳುವ ಇಷ್ಮಾಯಿಲ್ ಬದುಕಿ ಉಳಿದ ಎನ್ನುವ ಪುಟ ಅದು. ಎಲ್ಲರೂ ಮುಳುಗಿದ ಮೇಲೆ ಈ ಕತೆ ಹೇಳಿದವರು ಯಾರು ಎಂದು ಅಲ್ಲಿನ ವಿಮರ್ಶಕರು ಕೇಳಿದರು. ಪುಸ್ತಕ ಓಡಲಿಲ್ಲ. ಮೆಲ್ವಿಲ್ ನ್ಯೂಯಾರ್ಕಿನಲ್ಲಿ 19 ವರ್ಷ ಕಸ್ಟಮ್ಸ್ ಕೆಲಸ ಮಾಡಿದ, 1891ರಲ್ಲಿ ತೀರಿಕೊಂಡ. ಜನ ಅವನನ್ನು ಮತ್ತೆ ಹುಡುಕಿ ಓದತೊಡಗಿದ್ದು 1919ರ ಜನ್ಮಶತಮಾನೋತ್ಸವದ ಹೊತ್ತಿಗೆ.

ನನ್ನನ್ನು ಜಾಸ್ತಿ ಕಾಡುವವನು ಪೊಲಾರ್ಡ್. ಅವನ ಮುಂದಿನ ಹಡಗೂ ಬಂಡೆಗೆ ಬಡಿದು ಒಡೆಯಿತು. ಮತ್ತೆ ಯಾರೂ ಅವನಿಗೆ ತಿಮಿಂಗಿಲ ಬೇಟೆಯ ಹಡಗು ಕೊಡಲಿಲ್ಲ. ಊರಲ್ಲಿ ರಾತ್ರಿ ಕಾವಲುಗಾರನಾದ. ಕಾದಂಬರಿ ಅಚ್ಚಾದ ಮರುವರ್ಷ ಮೆಲ್ವಿಲ್ ನಾಂಟುಕೆಟ್‌ಗೆ ಹೋಗಿ ಅವನನ್ನು ಕಂಡ. ಊರವರ ಲೆಕ್ಕಕ್ಕೇ ಇಲ್ಲದ ಆ ಮನುಷ್ಯ, ತಾನು ಕಂಡವರಲ್ಲೆಲ್ಲ ಹೆಚ್ಚು ಮನಸ್ಸಿಗೆ ನಾಟಿದವನು ಎಂದು ಬರೆದಿಟ್ಟ. ಪುಸ್ತಕದ ಕ್ಯಾಪ್ಟನ್ ಅಹಾಬ್ ತಿಮಿಂಗಿಲದ ಮೇಲಿನ ಸೇಡಿಗೆ ಇಡೀ ಹಡಗನ್ನೇ ಬಲಿ ಕೊಡುತ್ತಾನೆ. ನಿಜವಾದ ಕ್ಯಾಪ್ಟನ್ ಎಲ್ಲ ನುಂಗಿಕೊಂಡು ಊರು ಕಾಯುತ್ತಿದ್ದ.

ಪೊಲಾರ್ಡ್, ಚೇಸ್ ಇಬ್ಬರ ಹೆಸರೂ 45ನೇ ಅಧ್ಯಾಯದಲ್ಲಿವೆ. ಅಲ್ಲಿಯವರೆಗೆ ಓದಿ ಫೋನ್ ಮಾಡು.

ನಿನ್ನ ಗೆಳೆಯ